ನೀರಿನಿಂದ ಜಲಜನಕ: ಯಂತ್ರದ ಹಣೆಬರಹ ಬರೆಯುವ ಪೊರೆ

ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಅನುಮೋದನೆ ನೀಡಿ 19,744 ಕೋಟಿ ರೂಪಾಯಿಗಳನ್ನು ನಿಗದಿಪಡಿಸಿದ ಬಳಿಕ ಜಲಜನಕ, ಅಂದರೆ ಹೈಡ್ರೋಜನ್ ಅನಿಲದ ಪ್ರಸ್ತಾಪ ವಾಣಿಜ್ಯ ವಲಯದಲ್ಲಿ ಪದೇ ಪದೇ ಕೇಳಿಬರುತ್ತಿದೆ. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಜಲಜನಕ ತಯಾರಿಸುವ ಸಾಮರ್ಥ್ಯ ಗಳಿಸುವುದು ಈ ಅಭಿಯಾನದ ಗುರಿ. ನೀರನ್ನು ವಿದ್ಯುತ್ತಿನಿಂದ ವಿಭಜಿಸುವ ಎಲೆಕ್ಟ್ರೋಲೈಸರ್ ಯಂತ್ರಗಳನ್ನು ದೇಶದೊಳಗೆ ತಯಾರಿಸಲು ಪ್ರೋತ್ಸಾಹಧನವನ್ನು ಘೋಷಿಸಲಾಗಿದ್ದು, 2024ರ ಅಂತ್ಯದೊಳಗೆ ವರ್ಷಕ್ಕೆ ಒಟ್ಟು 3,000 ಮೆಗಾವಾಟ್ ತಯಾರಿಕಾ ಸಾಮರ್ಥ್ಯವನ್ನು ವಿವಿಧ ಕಂಪನಿಗಳಿಗೆ ಹಂಚಲಾಯಿತು. ಬೆಂಗಳೂರಿನಲ್ಲಿ ಓಮಿಯಂ ಸಂಸ್ಥೆಯು 2021ರಲ್ಲೇ ಇಂತಹ ಯಂತ್ರಗಳ ಕಾರ್ಖಾನೆಯನ್ನು ಆರಂಭಿಸಿತು.

ಈ ಬೆಳವಣಿಗೆಯು ಸಣ್ಣ ಉದ್ದಿಮೆದಾರರಿಗೆ ಮೂರು ಬಗೆಯಲ್ಲಿ ಸಂಬಂಧಿಸಿದೆ. ಜಲಜನಕವನ್ನು ಸಿಲಿಂಡರಿನಲ್ಲಿ ಕೊಂಡು ಬಳಸುವವರು ಅದನ್ನು ತಮ್ಮ ಕಾರ್ಖಾನೆಯಲ್ಲೇ ತಯಾರಿಸಿಕೊಳ್ಳುವ ಯೋಚನೆ ಮಾಡಬಹುದು. ಬಿಡಿಭಾಗ ತಯಾರಕರು ಈ ಯಂತ್ರಗಳಿಗೆ ತಟ್ಟೆ, ಚೌಕಟ್ಟು, ಗ್ಯಾಸ್ಕೆಟ್, ತೊಟ್ಟಿ ಮುಂತಾದವನ್ನು ಒದಗಿಸಬಹುದು. ವ್ಯಾಪಾರಸ್ಥರು ಕಚ್ಚಾ ಸಾಮಗ್ರಿಗಳನ್ನೂ ಬದಲಿ ಭಾಗಗಳನ್ನೂ ತರಿಸಿ ಮಾರಬಹುದು. ಮೂವರೂ ಹಣ ಹೂಡುವ ಮುನ್ನ ತಿಳಿಯಬೇಕಾದ ಮೊದಲ ಸಂಗತಿ ಯಂತ್ರದ ನಡುವೆ ಕುಳಿತ ತೆಳು ಪೊರೆಗೆ ಸಂಬಂಧಿಸಿದ್ದು. ಯಂತ್ರಕ್ಕೆ ಯಾವ ಲೋಹ ಬೇಕು, ಎಷ್ಟು ಶುದ್ಧವಾದ ನೀರು ಬೇಕು, ಎಷ್ಟು ವಿದ್ಯುತ್ ಖರ್ಚಾಗುತ್ತದೆ, ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಆ ಪೊರೆಯಲ್ಲಿ ಅಡಗಿದೆ. ಆದುದರಿಂದ ಪೊರೆಯ ವಸ್ತುಗಳನ್ನು ಕುರಿತು ಕೆಲವು ಮುಖ್ಯ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಬಳಕೆ ಮತ್ತು ಲೆಕ್ಕ

ಲೋಹಗಳ ಶಾಖ ಸಂಸ್ಕರಣೆ, ಲೋಹಪುಡಿಯ ಸಿಂಟರಿಂಗ್, ವನಸ್ಪತಿ ತಯಾರಿಕೆ, ಔಷಧ ಮತ್ತು ರಾಸಾಯನಿಕ ತಯಾರಿಕೆ, ಗಾಜಿನ ಹಾಳೆ ತಯಾರಿಕೆ, ದೊಡ್ಡ ವಿದ್ಯುತ್ ಜನರೇಟರುಗಳನ್ನು ತಂಪಾಗಿಡುವುದು ಮುಂತಾದ ಕೆಲಸಗಳಿಗೆ ಜಲಜನಕ ಬೇಕು. ರಸಗೊಬ್ಬರ ಕಾರ್ಖಾನೆಗಳು ಮತ್ತು ತೈಲ ಶುದ್ಧೀಕರಣ ಘಟಕಗಳು ಇದನ್ನು ಬಹುಪಾಲು ನೈಸರ್ಗಿಕ ಅನಿಲದಿಂದ ತಾವೇ ತಯಾರಿಸಿಕೊಳ್ಳುತ್ತವೆ. ಸಣ್ಣ ಬಳಕೆದಾರರು ಸಿಲಿಂಡರನ್ನು ಅವಲಂಬಿಸುತ್ತಾರೆ. 47 ಲೀಟರ್ ಗಾತ್ರದ, 150 ಬಾರ್ ಒತ್ತಡದಲ್ಲಿ ತುಂಬಿದ ಸಾಮಾನ್ಯ ಸಿಲಿಂಡರಿನಲ್ಲಿ ಇರುವ ಜಲಜನಕದ ತೂಕ ಅರ್ಧ ಕಿಲೋಗ್ರಾಂಗಿಂತ ತುಸು ಹೆಚ್ಚು, ಅಷ್ಟೆ.

ಒಂದು ಕಿಲೋಗ್ರಾಂ ಜಲಜನಕಕ್ಕೆ ಲೆಕ್ಕದ ಪ್ರಕಾರ 9 ಲೀಟರ್ ಶುದ್ಧ ನೀರು ಬೇಕು. ಜೊತೆಗೆ 8 ಕಿಲೋಗ್ರಾಂ ಆಮ್ಲಜನಕವೂ ದೊರೆಯುತ್ತದೆ. ವಿದ್ಯುತ್ತಿನ ಖರ್ಚು ಕೋಶದ ವೋಲ್ಟೇಜನ್ನು ಅವಲಂಬಿಸಿದೆ. ಪ್ರತಿ ಒಂದು ವೋಲ್ಟಿಗೆ ಕಿಲೋಗ್ರಾಂ ಒಂದಕ್ಕೆ ಸುಮಾರು 26.6 ಯೂನಿಟ್ ತಗಲುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ನೀರು ವಿಭಜನೆಗೊಳ್ಳಲು ಕನಿಷ್ಠ 1.23 ವೋಲ್ಟ್ ಬೇಕು. ಹೊರಗಿನಿಂದ ಶಾಖ ಪಡೆಯದೆ ಕೋಶ ನಡೆಯಬೇಕಾದರೆ 1.48 ವೋಲ್ಟ್ ಬೇಕು. ಆಗ ಖರ್ಚು ಸುಮಾರು 39.4 ಯೂನಿಟ್. ವಾಸ್ತವದಲ್ಲಿ ಕೋಶಗಳು 1.8ರಿಂದ 2 ವೋಲ್ಟಿನಲ್ಲಿ ನಡೆಯುವುದರಿಂದಲೂ, ಪಂಪು, ಒಣಗಿಸುವ ಘಟಕ ಮುಂತಾದವು ತಮ್ಮ ಪಾಲನ್ನು ತೆಗೆದುಕೊಳ್ಳುವುದರಿಂದಲೂ ಒಟ್ಟು ಖರ್ಚು 50ರಿಂದ 55 ಯೂನಿಟ್‌ವರೆಗೆ ಬರುತ್ತದೆ. ಲೆಕ್ಕಕ್ಕಾಗಿ ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ವಿದ್ಯುತ್ತಿಗೇ ಕಿಲೋಗ್ರಾಂ ಒಂದಕ್ಕೆ 300 ರೂಪಾಯಿ ಮೀರುತ್ತದೆ. ಗೇಲ್ ಸಂಸ್ಥೆಯು 2024ರಲ್ಲಿ ಮಧ್ಯಪ್ರದೇಶದ ವಿಜಯಪುರದಲ್ಲಿ ಆರಂಭಿಸಿದ 10 ಮೆಗಾವಾಟ್ ಸ್ಥಾವರದ ಘೋಷಿತ ಉತ್ಪಾದನೆ ದಿನಕ್ಕೆ 4.3 ಟನ್. ಭಾಗಿಸಿ ನೋಡಿದರೆ ಕಿಲೋಗ್ರಾಂ ಒಂದಕ್ಕೆ ಸುಮಾರು 56 ಯೂನಿಟ್ ಎಂದಾಗುತ್ತದೆ.

ಪೊರೆಯ ಕೆಲಸವೇನು?

ಕೋಶದಲ್ಲಿ ಎರಡು ವಿದ್ಯುದಗ್ರಗಳಿವೆ. ಋಣಾಗ್ರದಲ್ಲಿ ಜಲಜನಕವೂ ಧನಾಗ್ರದಲ್ಲಿ ಆಮ್ಲಜನಕವೂ ಹೊರಬರುತ್ತವೆ. ಇವೆರಡೂ ಬೆರೆತರೆ ಸ್ಫೋಟಕ ಮಿಶ್ರಣವಾಗುತ್ತದೆ. ಆಮ್ಲಜನಕದಲ್ಲಿ ಜಲಜನಕದ ಪ್ರಮಾಣ ಶೇಕಡಾ 4ನ್ನು ಮುಟ್ಟಿದರೆ ಒಂದು ಕಿಡಿ ಸಾಕು. ಆದ್ದರಿಂದ ಎರಡರ ನಡುವೆ ತಡೆ ಇರಬೇಕು. ಹಾಗೆಂದು ತಡೆಯು ಗೋಡೆಯಂತೆ ಎಲ್ಲವನ್ನೂ ತಡೆದರೆ ವಿದ್ಯುತ್ ಹರಿಯುವುದಿಲ್ಲ. ವಿದ್ಯುದಂಶ ಹೊತ್ತ ಅಯಾನುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಬೇಕು.

ಹೀಗೆ ಪೊರೆಯು ಅನಿಲವನ್ನು ತಡೆಯಬೇಕು, ಅಯಾನನ್ನು ಬಿಡಬೇಕು, ಮೇಲಾಗಿ ಬಿಸಿಯಾದ ಆಮ್ಲ ಅಥವಾ ಕ್ಷಾರದ ನಡುವೆ ವರ್ಷಗಟ್ಟಲೆ ಹರಿಯದೆ, ಕರಗದೆ ಉಳಿಯಬೇಕು. ಈ ಮೂರು ಗುಣಗಳು ಒಂದೇ ವಸ್ತುವಿನಲ್ಲಿ ಸುಲಭವಾಗಿ ಕೂಡಿಬರುವುದಿಲ್ಲ. ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ತಗ್ಗುತ್ತದೆ. ಇಂದು ಬಳಕೆಯಲ್ಲಿರುವ ಪ್ರತಿಯೊಂದು ಪೊರೆಯೂ ಇವುಗಳ ನಡುವಿನ ಒಂದೊಂದು ಹೊಂದಾಣಿಕೆ.

ಕಲ್ನಾರಿನಿಂದ ಜಿರ್ಕೋನಿಯಾಕ್ಕೆ

ಎಲ್ಲಕ್ಕಿಂತ ಹಳೆಯ ಕೈಗಾರಿಕಾ ವಿಧಾನ ಕ್ಷಾರೀಯ ವಿದ್ಯುದ್ವಿಭಜನೆ. ಶೇಕಡಾ 25ರಿಂದ 30ರಷ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕರಗಿಸಿದ ನೀರನ್ನು 70ರಿಂದ 90 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬಳಸುವ ವಿಧಾನವಿದು. ನಮ್ಮ ದೇಶಕ್ಕೂ ಇದು ಹೊಸದಲ್ಲ. 1960ರ ದಶಕದ ಆರಂಭದಲ್ಲಿ ಪಂಜಾಬಿನ ನಂಗಲ್ ರಸಗೊಬ್ಬರ ಕಾರ್ಖಾನೆಯು ಭಾಕ್ರಾ ಜಲವಿದ್ಯುತ್ತನ್ನು ಬಳಸಿ ನೀರಿನಿಂದಲೇ ಜಲಜನಕವನ್ನು ತಯಾರಿಸುತ್ತಿತ್ತು.

ಈ ವಿಧಾನದಲ್ಲಿ ಬಹುಕಾಲ ತಡೆಯಾಗಿ ಬಳಕೆಯಾದದ್ದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ನೂಲಿನ ಬಟ್ಟೆ. ಅದು ಅಗ್ಗ, ಕ್ಷಾರವನ್ನು ಸಾಕಷ್ಟು ತಾಳುತ್ತದೆ. ಆದರೆ ಅದರ ಎಳೆಗಳು ಶ್ವಾಸಕೋಶವನ್ನು ಸೇರಿದರೆ ಕ್ಯಾನ್ಸರ್ ಉಂಟಾಗುತ್ತದೆಂಬುದು ಸ್ಥಿರಪಟ್ಟಿತು. ಐರೋಪ್ಯ ಒಕ್ಕೂಟವು 2005ರಿಂದ ಅದನ್ನು ನಿಷೇಧಿಸಿ, ಬಳಕೆಯಲ್ಲಿದ್ದ ಹಳೆಯ ವಿದ್ಯುದ್ವಿಭಜನಾ ಸ್ಥಾವರಗಳಿಗೆ ಮಾತ್ರ ಕಾಲಮಿತಿಯ ವಿನಾಯಿತಿ ನೀಡಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರ ಮಾರ್ಚಿನಲ್ಲಿ ಬಿಳಿ ಕಲ್ನಾರಿನ ಬಳಕೆಯನ್ನು ನಿಲ್ಲಿಸುವ ಆದೇಶ ಹೊರಡಿಸಿತು. ಹಳೆಯ ಯಂತ್ರಗಳನ್ನು ಅಗ್ಗದ ಬೆಲೆಗೆ ಕೊಳ್ಳುವವರು ಅದರೊಳಗಿನ ಡಯಾಫ್ರಮ್ ಯಾವ ವಸ್ತುವಿನದೆಂದು ಮೊದಲು ವಿಚಾರಿಸಬೇಕು. ಕಲ್ನಾರಿನದಾಗಿದ್ದರೆ ಅದನ್ನು ಬಿಚ್ಚಿ ವಿಲೇವಾರಿ ಮಾಡುವ ಅಪಾಯವೂ ಖರ್ಚೂ ಕೊಂಡವರ ಪಾಲಿಗೇ ಬರುತ್ತದೆ.

ಕಲ್ನಾರಿನ ಸ್ಥಾನವನ್ನು ತುಂಬಿದ ವಸ್ತುಗಳಲ್ಲಿ ಬೆಲ್ಜಿಯಂನ ಜಿರ್ಫಾನ್ ಪ್ರಮುಖವಾದುದು. ಆ ದೇಶದ ವಿಟೊ ಸಂಶೋಧನಾ ಸಂಸ್ಥೆಯಲ್ಲಿ ಇದು ರೂಪುಗೊಂಡಿತು. ಛಾಯಾಚಿತ್ರದ ಫಿಲ್ಮಿಗೆ ಹೆಸರಾಗಿದ್ದ ಆಗ್ಫಾ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಜಿರ್ಕೋನಿಯಂ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಬೆರೆಸಿ, ಪಾಲಿಫಿನೈಲೀನ್ ಸಲ್ಫೈಡ್ ಎಳೆಗಳ ಜಾಲರಿಯ ಎರಡೂ ಬದಿಗೆ ಲೇಪಿಸಿ ಇದನ್ನು ತಯಾರಿಸುತ್ತಾರೆ. ತೂಕದಲ್ಲಿ ಸುಮಾರು ಶೇಕಡಾ 85 ಭಾಗ ಜಿರ್ಕೋನಿಯಂ ಆಕ್ಸೈಡ್ ಇರುತ್ತದೆ. ಪ್ಲಾಸ್ಟಿಕ್ ತಾನಾಗಿ ನೀರನ್ನು ಹಿಡಿದುಕೊಳ್ಳುವುದಿಲ್ಲ. ಆಕ್ಸೈಡಿನ ಪುಡಿಯು ಕ್ಷಾರದ್ರಾವಣವನ್ನು ರಂಧ್ರಗಳೊಳಗೆ ಎಳೆದುಕೊಂಡು ತೇವವಾಗಿಡುತ್ತದೆ. ಇದರ ಮೂಲ ರೂಪದ ದಪ್ಪ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್. ಆಮೇಲೆ 220 ಮೈಕ್ರಾನಿನ ತೆಳು ರೂಪವೂ ಬಂದಿದೆ.

ಜಿರ್ಫಾನ್ ರಂಧ್ರಗಳುಳ್ಳ ವಸ್ತು. ರಂಧ್ರಗಳಲ್ಲಿ ದ್ರಾವಣ ತುಂಬಿರುವವರೆಗೆ ಅನಿಲದ ಗುಳ್ಳೆ ದಾಟುವುದಿಲ್ಲ. ಆದರೆ ಎರಡು ಬದಿಗಳ ಒತ್ತಡದಲ್ಲಿ ವ್ಯತ್ಯಾಸ ಹೆಚ್ಚಾದರೆ ದ್ರಾವಣ ಒಂದು ಕಡೆಗೆ ತಳ್ಳಲ್ಪಟ್ಟು ಅದರಲ್ಲಿ ಕರಗಿದ ಅನಿಲವೂ ಜೊತೆಗೆ ಸಾಗುತ್ತದೆ. ಆದ್ದರಿಂದ ಕ್ಷಾರೀಯ ಯಂತ್ರದಲ್ಲಿ ಎರಡೂ ಬದಿಯ ಒತ್ತಡವನ್ನು ಸಮವಾಗಿ ಕಾಪಾಡುವ ಕವಾಟಗಳೂ ಮಟ್ಟಮಾಪಕಗಳೂ ಅತಿ ಮುಖ್ಯ. ಇದಕ್ಕೆ ಪ್ರತಿಯಾಗಿ ದೊರೆಯುವ ಅನುಕೂಲವೂ ದೊಡ್ಡದು. ಕ್ಷಾರದಲ್ಲಿ ನಿಕ್ಕಲ್ ಬಾಳುತ್ತದೆ. ನಿಕ್ಕಲ್ ಲೇಪಿಸಿದ ಉಕ್ಕಿನ ತಟ್ಟೆ, ನಿಕ್ಕಲ್ ಜಾಲರಿ, ಉಕ್ಕಿನ ಚೌಕಟ್ಟು ಇಷ್ಟರಿಂದಲೇ ಯಂತ್ರದ ಹೃದಯಭಾಗವನ್ನು ಕಟ್ಟಬಹುದು. ಬೆಲೆಬಾಳುವ ಲೋಹಗಳ ಅಗತ್ಯವಿಲ್ಲ.

ಫ್ಲೋರಿನ್ ಪೊರೆ

ಎರಡನೆಯ ವಿಧಾನದಲ್ಲಿ ಕ್ಷಾರದ್ರಾವಣವೇ ಇಲ್ಲ. ಪೊರೆಯೇ ಆಮ್ಲದ ಕೆಲಸವನ್ನು ಮಾಡುತ್ತದೆ. ಇದನ್ನು ಪ್ರೋಟಾನ್ ವಿನಿಮಯ ಪೊರೆ ಎನ್ನುತ್ತಾರೆ. ವ್ಯಾಪಾರದಲ್ಲಿ ಪಿಇಎಂ ಎಂಬ ಹೆಸರು ರೂಢಿಯಲ್ಲಿದೆ. ಡುಪಾಂಟ್ ಕಂಪನಿಯ ವಾಲ್ಟರ್ ಗ್ರಾಟ್ 1960ರ ದಶಕದ ಕೊನೆಯಲ್ಲಿ ರೂಪಿಸಿದ ನ್ಯಾಫಿಯಾನ್ ಇವುಗಳಲ್ಲಿ ಪ್ರಸಿದ್ಧವಾದುದು. 2015ರಲ್ಲಿ ಡುಪಾಂಟ್‌ನಿಂದ ಬೇರೆಯಾದ ಕೆಮೂರ್ಸ್ ಕಂಪನಿ ಇದನ್ನು ತಯಾರಿಸುತ್ತಿದೆ. ಅಡುಗೆಯ ಬಾಣಲೆಗೆ ಲೇಪಿಸುವ ಟೆಫ್ಲಾನ್ ಮಾದರಿಯ ಕಾರ್ಬನ್–ಫ್ಲೋರಿನ್ ಸರಪಣಿಯೇ ಇದರ ಬೆನ್ನೆಲುಬು. ಆ ಸರಪಣಿಯ ಕವಲುಗಳ ತುದಿಯಲ್ಲಿ ಗಂಧಕಾಮ್ಲದ ಬಗೆಯ ಗುಂಪುಗಳಿವೆ. ಬೆನ್ನೆಲುಬು ರಾಸಾಯನಿಕ ದಾಳಿಯನ್ನು ತಡೆಯುತ್ತದೆ. ಆಮ್ಲದ ಗುಂಪುಗಳು ನೀರನ್ನು ಹೀರಿಕೊಂಡು ಪ್ರೋಟಾನುಗಳಿಗೆ ದಾರಿ ಮಾಡಿಕೊಡುತ್ತವೆ.

ಈ ಪೊರೆಗಳ ಹೆಸರಿನಲ್ಲೇ ಅಳತೆ ಅಡಗಿದೆ. ನ್ಯಾಫಿಯಾನ್ 117ರಲ್ಲಿ ಮೊದಲ ಎರಡು ಅಂಕಿಗಳು ಆಮ್ಲದ ಗುಂಪುಗಳ ಸಾಂದ್ರತೆಯನ್ನು ಸೂಚಿಸುತ್ತವೆ. ಕೊನೆಯ 7 ಎಂಬುದು ಅಂಗುಲದ ಸಾವಿರದ ಏಳು ಭಾಗ ದಪ್ಪ, ಅಂದರೆ ಸುಮಾರು 178 ಮೈಕ್ರಾನ್. 115 ಎಂದರೆ ಸುಮಾರು 127 ಮೈಕ್ರಾನ್. 212 ಎಂದರೆ ಸುಮಾರು 50 ಮೈಕ್ರಾನ್.

ಈ ಪೊರೆ ಗಟ್ಟಿಯಾದ ಹಾಳೆ. ಜಿರ್ಫಾನಿನಂತೆ ತೆರೆದ ರಂಧ್ರಗಳಿಲ್ಲ. ಒಂದು ಬದಿಯಲ್ಲಿ 30 ಬಾರ್ ಒತ್ತಡದ ಜಲಜನಕವನ್ನೂ ಇನ್ನೊಂದು ಬದಿಯಲ್ಲಿ ಸಾಮಾನ್ಯ ಒತ್ತಡದ ಆಮ್ಲಜನಕವನ್ನೂ ಇಟ್ಟು ನಡೆಸಲು ಸಾಧ್ಯ. ಒಂದೇ ಅಳತೆಯ ಕೋಶದಲ್ಲಿ ಹೆಚ್ಚು ವಿದ್ಯುತ್ ಹರಿಸಬಹುದು. ಕ್ಷಾರೀಯ ಕೋಶದಲ್ಲಿ ಚದರ ಸೆಂಟಿಮೀಟರಿಗೆ ಸಾಮಾನ್ಯವಾಗಿ 0.2ರಿಂದ 0.4 ಆಂಪಿಯರ್ ಹರಿದರೆ ಇಲ್ಲಿ 1ರಿಂದ 2 ಆಂಪಿಯರ್ ಹರಿಯುತ್ತದೆ. ಆದುದರಿಂದ ಯಂತ್ರದ ಗಾತ್ರ ಚಿಕ್ಕದಾಗುತ್ತದೆ.

ಆದರೆ ಪೊರೆ ಆಮ್ಲೀಯವಾದುದರಿಂದ ನಿಕ್ಕಲ್ ಮತ್ತು ಸಾಮಾನ್ಯ ಉಕ್ಕು ಅಲ್ಲಿ ನಿಲ್ಲವು. ಋಣಾಗ್ರಕ್ಕೆ ಪ್ಲಾಟಿನಂ, ಧನಾಗ್ರಕ್ಕೆ ಇರಿಡಿಯಂ ವೇಗವರ್ಧಕಗಳಾಗಿ ಬೇಕಾಗುತ್ತವೆ. ಧನಾಗ್ರದ ಬದಿಯ ತಟ್ಟೆಗೂ, ನೀರು ಹರಿಯುವ ರಂಧ್ರಯುಕ್ತ ಪದರಕ್ಕೂ ಟೈಟಾನಿಯಂ ಅಗತ್ಯ. ಪ್ರಪಂಚದಲ್ಲಿ ವರ್ಷಕ್ಕೆ ಗಣಿಗಳಿಂದ ದೊರೆಯುವ ಇರಿಡಿಯಂ ಏಳೆಂಟು ಟನ್ ಮಾತ್ರ. ಅದರಲ್ಲೂ ಬಹುಪಾಲು ದಕ್ಷಿಣ ಆಫ್ರಿಕದಿಂದ ಬರುತ್ತದೆ. ಹೀಗೆ ತೆಳು ಪೊರೆಯ ಆಮ್ಲಗುಣವು ಯಂತ್ರದ ಲೋಹಗಳ ಪಟ್ಟಿಯನ್ನೇ ಬದಲಿಸುತ್ತದೆ.

ಎರಡರ ಗುಣವನ್ನೂ ಕೂಡಿಸುವ ಯತ್ನ

ಪಿಇಎಂ ಪೊರೆಯಂತೆ ಗಟ್ಟಿ ಹಾಳೆಯಾಗಿರಬೇಕು, ಕ್ಷಾರೀಯ ವಿಧಾನದಂತೆ ನಿಕ್ಕಲಿನಿಂದ ಕೆಲಸವಾಗಬೇಕು ಎಂಬ ಉದ್ದೇಶದಿಂದ ರೂಪುಗೊಂಡದ್ದು ಋಣ ಅಯಾನು ವಿನಿಮಯ ಪೊರೆ, ಅಂದರೆ ಎಇಎಂ. ಇದರ ಸರಪಣಿಯಲ್ಲಿ ಆಮ್ಲದ ಗುಂಪಿನ ಬದಲು ಧನ ವಿದ್ಯುದಂಶ ಹೊತ್ತ ಅಮೋನಿಯಂ ಬಗೆಯ ಗುಂಪುಗಳಿದ್ದು ಹೈಡ್ರಾಕ್ಸೈಡ್ ಅಯಾನುಗಳನ್ನು ಸಾಗಿಸುತ್ತವೆ. ಶೇಕಡಾ ಒಂದರಷ್ಟು ದುರ್ಬಲ ಕ್ಷಾರದ್ರಾವಣದಲ್ಲೂ ಯಂತ್ರ ನಡೆಯಬಲ್ಲದು. ಇರಿಡಿಯಂ ಮತ್ತು ಟೈಟಾನಿಯಂ ಬೇಕಿಲ್ಲ. ಅಸ್ಸಾಮಿನ ಜೋರ್ಹಾಟಿನಲ್ಲಿ ಆಯಿಲ್ ಇಂಡಿಯಾ ಸಂಸ್ಥೆಯು 2022ರ ಏಪ್ರಿಲ್ ತಿಂಗಳಲ್ಲಿ ಆರಂಭಿಸಿದ ದಿನಕ್ಕೆ 10 ಕಿಲೋಗ್ರಾಂ ಸಾಮರ್ಥ್ಯದ ಪ್ರಾಯೋಗಿಕ ಸ್ಥಾವರದಲ್ಲಿ ಈ ಬಗೆಯ 100 ಕಿಲೋವಾಟ್ ಯಂತ್ರವನ್ನೇ ಅಳವಡಿಸಲಾಯಿತು.

ಇದರ ದೌರ್ಬಲ್ಯ ಬಾಳಿಕೆ. ಪೊರೆ ಯಾವ ಹೈಡ್ರಾಕ್ಸೈಡನ್ನು ಸಾಗಿಸಬೇಕೋ ಅದೇ ಹೈಡ್ರಾಕ್ಸೈಡು ಬಿಸಿಯಲ್ಲಿ ಅಮೋನಿಯಂ ಗುಂಪುಗಳ ಮೇಲೆ ದಾಳಿ ಮಾಡಿ ಅವನ್ನು ಕತ್ತರಿಸಿಹಾಕುತ್ತದೆ. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಐರೀನಾ 2020ರಲ್ಲಿ ಪ್ರಕಟಿಸಿದ ವರದಿಯು ಕೋಶಗಳ ಬಾಳಿಕೆಯನ್ನು ಕ್ಷಾರೀಯ ವಿಧಾನಕ್ಕೆ 60,000 ಗಂಟೆ, ಪಿಇಎಂಗೆ 50,000ದಿಂದ 80,000 ಗಂಟೆ ಎಂದೂ, ಎಇಎಂಗೆ 5,000 ಗಂಟೆಗಿಂತ ಹೆಚ್ಚು ಎಂದೂ ಗುರುತಿಸಿತ್ತು. ಬಿಡುವಿಲ್ಲದೆ ನಡೆಸಿದರೆ 60,000 ಗಂಟೆಯೆಂದರೆ ಸುಮಾರು ಏಳು ವರ್ಷ. 5,000 ಗಂಟೆಯೆಂದರೆ ಏಳು ತಿಂಗಳು. ಆ ಬಳಿಕ ಹೊಸ ಬಗೆಯ ಸರಪಣಿಗಳು ಬಂದು ಎಇಎಂ ಪೊರೆಯ ಬಾಳಿಕೆ ಸುಧಾರಿಸಿದೆ. ಹಾಗಿದ್ದರೂ ಕೊಳ್ಳುವವರು ಮಾರಾಟಗಾರರ ಬಾಯಿಮಾತಿಗೆ ತೃಪ್ತರಾಗದೆ ಗಂಟೆಗಳ ಲೆಕ್ಕದಲ್ಲಿ ಲಿಖಿತ ಖಾತರಿ ಪಡೆಯುವುದು ಒಳಿತು.

ನಾಲ್ಕನೆಯದು ಪಿಂಗಾಣಿಯ ಬಗೆಯ ಪೊರೆ. ಯಿಟ್ರಿಯಂ ಬೆರೆಸಿದ ಜಿರ್ಕೋನಿಯಂ ಆಕ್ಸೈಡಿನ ಈ ತಟ್ಟೆಯು 700ರಿಂದ 850 ಡಿಗ್ರಿಯಲ್ಲಿ ಹಬೆಯನ್ನು ವಿಭಜಿಸುತ್ತದೆ. ವಿದ್ಯುತ್ ಖರ್ಚು ಕಡಿಮೆ. ಆದರೆ ಹೆಚ್ಚಿನ ಶಾಖದ ಹಬೆ ಸದಾ ದೊರೆಯುವ ದೊಡ್ಡ ಕಾರ್ಖಾನೆಗಳಿಗೆ ಇದು ಹೊಂದುತ್ತದೆಯೇ ಹೊರತು ಸಣ್ಣ ಘಟಕಗಳಿಗೆ ಅಲ್ಲ.

ದಪ್ಪ ಮತ್ತು ರೂಪಾಯಿ

ಪೊರೆ ದಪ್ಪವಾದಷ್ಟೂ ವಿದ್ಯುತ್ತಿಗೆ ಅಡ್ಡಿ ಹೆಚ್ಚು. ನ್ಯಾಫಿಯಾನಿನ ವಾಹಕತೆ ಸಾಮಾನ್ಯ ಉಷ್ಣತೆಯಲ್ಲಿ ಸೆಂಟಿಮೀಟರಿಗೆ ಸುಮಾರು 0.1 ಸೀಮೆನ್ಸ್. 178 ಮೈಕ್ರಾನಿನ ಪೊರೆಯಲ್ಲಿ ಚದರ ಸೆಂಟಿಮೀಟರಿಗೆ 2 ಆಂಪಿಯರ್ ಹರಿಸಿದರೆ ಪೊರೆಯೊಂದರಲ್ಲೇ ಸುಮಾರು 0.36 ವೋಲ್ಟ್ ನಷ್ಟವಾಗುತ್ತದೆ. ಮೇಲೆ ಹೇಳಿದ ಲೆಕ್ಕದಂತೆ ಇದು ಕಿಲೋಗ್ರಾಂ ಒಂದಕ್ಕೆ 9ರಿಂದ 10 ಯೂನಿಟ್, ಅಂದರೆ 6 ರೂಪಾಯಿ ದರದಲ್ಲಿ 57 ರೂಪಾಯಿಗೂ ಮಿಕ್ಕ ಖರ್ಚು. 50 ಮೈಕ್ರಾನಿನ ಪೊರೆಯಾದರೆ ನಷ್ಟ ಸುಮಾರು 0.1 ವೋಲ್ಟ್, ಖರ್ಚು 16 ರೂಪಾಯಿ. ಯಂತ್ರ 60ರಿಂದ 80 ಡಿಗ್ರಿಯಲ್ಲಿ ನಡೆಯುವಾಗ ಎರಡೂ ನಷ್ಟಗಳು ತಗ್ಗುತ್ತವೆಯಾದರೂ ಒಂದರೊಡನೆ ಇನ್ನೊಂದರ ಅನುಪಾತ ಹಾಗೆಯೇ ಉಳಿಯುತ್ತದೆ.

ಹಾಗಾದರೆ ತೆಳು ಪೊರೆಯನ್ನೇ ಏಕೆ ಬಳಸಬಾರದು? ಅನಿಲದ ನುಸುಳುವಿಕೆಯೂ ಅದೇ ಅನುಪಾತದಲ್ಲಿ ಹೆಚ್ಚುತ್ತದೆ ಎಂಬುದೇ ಇದಕ್ಕೆ ಉತ್ತರ. ಯಾವ ಪೊರೆಯೂ ಜಲಜನಕವನ್ನು ಪೂರ್ತಿಯಾಗಿ ತಡೆಯಲಾರದು. ಸ್ವಲ್ಪ ಭಾಗ ಪೊರೆಯಲ್ಲಿ ಕರಗಿ ಆಮ್ಲಜನಕದ ಬದಿಗೆ ಸೇರುತ್ತದೆ. ಸೌರ ಅಥವಾ ಪವನ ವಿದ್ಯುತ್ತಿನಿಂದ ಯಂತ್ರವನ್ನು ನಡೆಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮೋಡ ಕವಿದು ಲೋಡ್ ಇಳಿದಾಗ ಆಮ್ಲಜನಕದ ಉತ್ಪಾದನೆ ಇಳಿಯುತ್ತದೆ. ಒತ್ತಡ ಅಷ್ಟೇ ಇರುವುದರಿಂದ ನುಸುಳುವ ಜಲಜನಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪೂರ್ಣ ಲೋಡಿನಲ್ಲಿ ಆಮ್ಲಜನಕದೊಳಗೆ ಶೇಕಡಾ 0.5ರಷ್ಟಿದ್ದ ಜಲಜನಕವು ಕಾಲು ಭಾಗ ಲೋಡಿನಲ್ಲಿ ಸುಮಾರು ಶೇಕಡಾ 2 ಆಗುತ್ತದೆ. ಅಪಾಯದ ಮಿತಿಯ ಅರ್ಧವಾದ ಈ ಮಟ್ಟದಲ್ಲಿ ಯಂತ್ರವನ್ನು ನಿಲ್ಲಿಸುವುದು ಸಾಮಾನ್ಯ ಪದ್ಧತಿ. ಆದ್ದರಿಂದ ಯಂತ್ರದ ಕನಿಷ್ಠ ಲೋಡ್ ಎಷ್ಟು ಎಂಬುದು ಸೌರ ವಿದ್ಯುತ್ ಬಳಸುವವರಿಗೆ ಗರಿಷ್ಠ ಉತ್ಪಾದನೆಯಷ್ಟೇ ಮುಖ್ಯವಾದ ಅಂಕಿ. ಆಮ್ಲಜನಕದ ಕೊಳವೆಯಲ್ಲಿ ಜಲಜನಕ ಸೂಚಕವಿಲ್ಲದ ಅಥವಾ ಅದನ್ನು ಕಾಲಕಾಲಕ್ಕೆ ಪರೀಕ್ಷಿಸದ ಯಂತ್ರವನ್ನು ಯಾವ ಕಾರಣಕ್ಕೂ ನಡೆಸಬಾರದು.

ನೀರಿನ ವಿಷಯ

ಪಿಇಎಂ ಪೊರೆಗೆ ನೀರಿನ ಶುದ್ಧತೆ ಪ್ರಾಣಪ್ರಶ್ನೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಅಯಾನುಗಳು ಪೊರೆಯ ಆಮ್ಲದ ಗುಂಪುಗಳಿಗೆ ಅಂಟಿಕೊಂಡರೆ ಪ್ರೋಟಾನುಗಳ ದಾರಿ ಮುಚ್ಚಿಹೋಗುತ್ತದೆ. ಕಬ್ಬಿಣದ ಅಯಾನು ಇನ್ನೂ ಹಾನಿಕರ. ಅದು ಕೋಶದೊಳಗೆ ಪೊರೆಯನ್ನು ತಿನ್ನುವ ತೀವ್ರ ಕ್ರಿಯಾಶೀಲ ಕಣಗಳನ್ನು ಉಂಟುಮಾಡುತ್ತದೆ. ಪೊರೆ ದಿನದಿಂದ ದಿನಕ್ಕೆ ತೆಳುವಾಗಿ ಕೊನೆಗೊಂದು ದಿನ ತೂತು ಬೀಳುತ್ತದೆ. ಹೊರಬರುವ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಂಡರೆ ಅದು ಪೊರೆ ಕರಗುತ್ತಿರುವುದರ ಲಕ್ಷಣ.

ಈ ಯಂತ್ರಗಳಿಗೆ ನೀರಿನ ವಾಹಕತೆ ಸೆಂಟಿಮೀಟರಿಗೆ 1 ಮೈಕ್ರೋಸೀಮೆನ್ಸ್‌ಗಿಂತ ಕಡಿಮೆಯಿರಬೇಕು. ಅನೇಕ ತಯಾರಕರು 0.1ಕ್ಕಿಂತ ಕಡಿಮೆ ಇರಬೇಕೆನ್ನುತ್ತಾರೆ. ನಮ್ಮ ಬಯಲುಸೀಮೆಯ ಕೊಳವೆ ಬಾವಿಗಳ ಗಡಸು ನೀರನ್ನು ಈ ಮಟ್ಟಕ್ಕೆ ತರಲು ಗಡಸುತನ ನಿವಾರಣೆ, ಆರ್‌ಒ, ಅದರ ಮೇಲೆ ಅಯಾನು ವಿನಿಮಯ ರಾಳದ ಘಟಕ ಇವು ಸಾಲಾಗಿ ಬೇಕು. ಆರ್‌ಒ ಘಟಕ ಹೊರಚೆಲ್ಲುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶುದ್ಧಗೊಂಡ ನೀರು ಕಬ್ಬಿಣದ ಕೊಳವೆಯಲ್ಲಿ ಹರಿದರೆ ಮಾಡಿದ ಖರ್ಚೆಲ್ಲ ವ್ಯರ್ಥ.

ಪೊರೆ ಯಾರಿಂದ ಬರುತ್ತದೆ?

ಈ ಪೊರೆಗಳ ಪೂರೈಕೆ ಕೆಲವೇ ಕೈಗಳಲ್ಲಿದೆ. ಕಾಸ್ಟಿಕ್ ಸೋಡಾ ಉದ್ಯಮದವರಿಗೆ ಇದು ತಿಳಿದ ಸಂಗತಿ. ಭಾರತದ ಕಾಸ್ಟಿಕ್ ಸೋಡಾ ಕಾರ್ಖಾನೆಗಳು ಪಾದರಸದ ಕೋಶಗಳನ್ನು ಕೈಬಿಟ್ಟು ಪೊರೆಯ ಕೋಶಗಳಿಗೆ ಬದಲಾದವು. ಅವು ಬಳಸುವ ಫ್ಲೋರಿನ್ ಪೊರೆಗಳು ಬಹುಕಾಲ ಅಮೆರಿಕದ ಕೆಮೂರ್ಸ್, ಜಪಾನಿನ ಅಸಾಹಿ ಕಸೈ ಮತ್ತು ಎಜಿಸಿ ಈ ಮೂರು ಕಂಪನಿಗಳಿಂದಲೇ ಬರುತ್ತಿದ್ದವು. ಆಮೇಲೆ ಚೀನಾದ ಡಾಂಗ್ಯೂ ಕಂಪನಿಯೂ ಸೇರಿತು. ಜಲಜನಕದ ಉದ್ಯಮವೂ ಬಹುಮಟ್ಟಿಗೆ ಇದೇ ಮೂಲಗಳನ್ನು ಅವಲಂಬಿಸಬೇಕಾಗುತ್ತದೆ.

ಇನ್ನೊಂದು ಅನಿಶ್ಚಯವೂ ಇದೆ. ಫ್ಲೋರಿನ್ ಸರಪಣಿಯ ರಾಸಾಯನಿಕಗಳು ಮಣ್ಣು, ನೀರುಗಳಲ್ಲಿ ಕೊಳೆಯದೆ ಉಳಿಯುತ್ತವೆಂಬ ಕಾರಣದಿಂದ ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್ ಮತ್ತು ನಾರ್ವೆ ದೇಶಗಳು ಅವನ್ನು ನಿರ್ಬಂಧಿಸುವ ಪ್ರಸ್ತಾವವನ್ನು ಮಂಡಿಸಿದವು. ಐರೋಪ್ಯ ರಾಸಾಯನಿಕ ಸಂಸ್ಥೆ ಅದನ್ನು 2023ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಅಮೆರಿಕದ 3ಎಂ ಕಂಪನಿಯು 2025ರ ಅಂತ್ಯದೊಳಗೆ ಈ ಬಗೆಯ ರಾಸಾಯನಿಕಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ 2022ರ ಡಿಸೆಂಬರಿನಲ್ಲಿ ಘೋಷಿಸಿತು. ಇದರಿಂದ ಫ್ಲೋರಿನ್ ಇಲ್ಲದ ಪೊರೆಗಳ ಸಂಶೋಧನೆಗೆ ಒತ್ತಾಸೆ ದೊರೆತಿದೆ. ನಮ್ಮ ದೇಶದಲ್ಲಿ ಭಾವನಗರದ ಕೇಂದ್ರೀಯ ಲವಣ ಮತ್ತು ಸಮುದ್ರ ರಾಸಾಯನಿಕ ಸಂಶೋಧನಾಲಯವು ಅಯಾನು ವಿನಿಮಯ ಪೊರೆಗಳಲ್ಲಿ ದಶಕಗಳ ಅನುಭವ ಪಡೆದಿದೆ. ಟೆಫ್ಲಾನ್ ಬಗೆಯ ಪ್ಲಾಸ್ಟಿಕ್ಕನ್ನು ಗುಜರಾತಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲಾಗುತ್ತಿದೆ. ಆದರೆ ಪ್ಲಾಸ್ಟಿಕ್ ತಯಾರಿಕೆಯಿಂದ ಒಂದೂ ಸೂಜಿರಂಧ್ರವಿಲ್ಲದ ಪೊರೆಯ ತಯಾರಿಕೆಗೆ ದೂರ ಬಹಳ.

ಸಣ್ಣ ಉದ್ದಿಮೆಗೆ ಅವಕಾಶ ಎಲ್ಲಿ?

ಪೊರೆಯನ್ನು ತಯಾರಿಸುವುದು ಸಣ್ಣ ಘಟಕಗಳ ಶಕ್ತಿಗೆ ಮೀರಿದ್ದು. ಪೊರೆಯ ಸುತ್ತಲಿನ ಕೆಲಸ ಹಾಗಲ್ಲ. ಐರೀನಾದ ಮೇಲ್ಕಂಡ ವರದಿಯ ಪ್ರಕಾರ ಯಂತ್ರದ ವೆಚ್ಚದಲ್ಲಿ ಕೋಶಗಳ ಅಟ್ಟಿಯ ಪಾಲು ಅರ್ಧಕ್ಕಿಂತ ತುಸು ಕಡಿಮೆ. ಉಳಿದದ್ದು ರೆಕ್ಟಿಫೈಯರ್, ನೀರಿನ ಶುದ್ಧೀಕರಣ, ಅನಿಲ ಬೇರ್ಪಡಿಸುವ ತೊಟ್ಟಿ, ಒಣಗಿಸುವ ಘಟಕ, ಕವಾಟ, ಕೊಳವೆ ಮುಂತಾದವುಗಳಿಗೆ ಸೇರುತ್ತದೆ. ಇವುಗಳ ತಯಾರಿಕೆ ನಮ್ಮ ಕೈಗಾರಿಕಾ ವಸಾಹತುಗಳಿಗೆ ಹೊಸದಲ್ಲ.

ಆದರೆ ಯಾವ ಪೊರೆಯ ಯಂತ್ರ ಎಂಬುದರ ಮೇಲೆ ಕೆಲಸದ ಸ್ವರೂಪ ಬದಲಾಗುತ್ತದೆ. ಕ್ಷಾರೀಯ ಯಂತ್ರವಾದರೆ ಪೀಣ್ಯದಂತಹ ಕಡೆಗಳಲ್ಲಿರುವ ನಿಕ್ಕಲ್ ಲೇಪನದ ಘಟಕಗಳಿಗೂ ಉಕ್ಕಿನ ಫ್ಯಾಬ್ರಿಕೇಶನ್ ಘಟಕಗಳಿಗೂ ಅವಕಾಶವುಂಟು. ಅಲ್ಲಿ ಅಲ್ಯೂಮಿನಿಯಂ ಭಾಗಗಳು ಸಲ್ಲವು; ಅಲ್ಯೂಮಿನಿಯಂ ಕ್ಷಾರದಲ್ಲಿ ಕರಗಿ ತಾನೇ ಜಲಜನಕವನ್ನು ಬಿಡುತ್ತದೆ. ಪಿಇಎಂ ಯಂತ್ರವಾದರೆ ಟೈಟಾನಿಯಂ ಹಾಳೆಯನ್ನು ಒತ್ತುವುದು, ಆರ್ಗಾನ್ ರಕ್ಷಣೆಯಲ್ಲಿ ಬೆಸೆಯುವುದು, ಅದರ ಮೇಲೆ ಪ್ಲಾಟಿನಂ ಲೇಪಿಸುವುದು ಬೇಕಾಗುತ್ತದೆ. ಇದಕ್ಕೆ ಬೇರೆ ಉಪಕರಣ, ಬೇರೆ ತರಬೇತಿ ಬೇಕು. ನ್ಯಾಫಿಯಾನ್ ಪೊರೆಯು ನೀರಿನಲ್ಲಿ ನೆನೆದಾಗ ಉದ್ದಗಲಗಳಲ್ಲಿ ಸುಮಾರು ಶೇಕಡಾ 10ರಷ್ಟು ಹಿಗ್ಗುವುದರಿಂದ ಚೌಕಟ್ಟು ಮತ್ತು ಗ್ಯಾಸ್ಕೆಟ್‌ಗಳ ಅಳತೆಯಲ್ಲಿ ಅತಿಯಾದ ನಿಖರತೆ ಅಗತ್ಯ. ತಟ್ಟೆಯ ಅಂಚಿನಲ್ಲಿ ಉಳಿದ ಒಂದು ಸಣ್ಣ ಮುಳ್ಳು ಪೊರೆಯನ್ನು ಚುಚ್ಚಿದರೆ ಇಡೀ ಕೋಶ ಹಾಳಾಗುತ್ತದೆ. ಆದ್ದರಿಂದ ಖಚಿತ ಬೇಡಿಕೆಪತ್ರ ಕೈಸೇರುವ ಮುನ್ನ ಒಂದೇ ವಿಧಾನವನ್ನು ನಂಬಿ ಡೈ ಮತ್ತು ಯಂತ್ರಗಳಿಗೆ ಸಾಲ ಮಾಡುವುದು ಜಾಣತನವಲ್ಲ. ನೀರಿನ ಘಟಕ, ರೆಕ್ಟಿಫೈಯರ್, ಸ್ಟೇನ್‌ಲೆಸ್ ತೊಟ್ಟಿ ಮುಂತಾದ, ಯಾವ ವಿಧಾನಕ್ಕೂ ಹೆಚ್ಚು ಬದಲಾವಣೆಯಿಲ್ಲದೆ ಹೊಂದುವ ಕೆಲಸಗಳಿಂದ ಆರಂಭಿಸಿದರೆ ನಷ್ಟದ ಭಯ ಕಡಿಮೆ.

ಕೊಳ್ಳುವ ಮುನ್ನ ಕೇಳಬೇಕಾದುದು

ಎಲೆಕ್ಟ್ರೋಲೈಸರ್ ಕೊಳ್ಳಲು ಬಯಸುವ ಉದ್ದಿಮೆದಾರರು ಕೆಳಗಿನ ವಿಷಯಗಳಿಗೆ ಲಿಖಿತ ಉತ್ತರವನ್ನು ಪಡೆಯಬೇಕು.

1. ಪೊರೆ ಯಾವ ವಸ್ತುವಿನದು, ಯಾರು ತಯಾರಿಸಿದ್ದು, ದಪ್ಪವೆಷ್ಟು?

2. ಪೂರ್ಣ ಲೋಡಿನಲ್ಲಿ ಇಡೀ ಯಂತ್ರ ಕಿಲೋಗ್ರಾಂ ಒಂದಕ್ಕೆ ಬಳಸುವ ಯೂನಿಟ್ ಎಷ್ಟು? ಕೋಶಗಳ ಅಟ್ಟಿಯ ಅಂಕಿಯನ್ನಷ್ಟೇ ತೋರಿಸಿದರೆ ಒಪ್ಪಬಾರದು.

3. ಕನಿಷ್ಠ ಲೋಡ್ ಎಷ್ಟು? ಆಮ್ಲಜನಕದಲ್ಲಿ ಜಲಜನಕ ಎಷ್ಟಾದಾಗ ಯಂತ್ರ ತಾನಾಗಿ ನಿಲ್ಲುತ್ತದೆ?

4. ನೀರಿನ ಗುಣಮಟ್ಟ ಹೇಗಿರಬೇಕು? ಅದು ಕೆಟ್ಟಾಗ ಖಾತರಿ ರದ್ದಾಗುತ್ತದೆಯೇ?

5. ಪೊರೆಯ ಖಾತರಿ ಎಷ್ಟು ಗಂಟೆ? ಬದಲಿಸುವ ಖರ್ಚೆಷ್ಟು? ಬದಲಿ ಪೊರೆ ಎಷ್ಟು ವಾರಗಳಲ್ಲಿ ದೊರೆಯುತ್ತದೆ?

6. ಯಂತ್ರವು ಐಎಸ್‌ಒ 22734 ಮಾನದಂಡಕ್ಕೆ ಅನುಗುಣವಾಗಿದೆಯೇ?

ಜಲಜನಕವನ್ನು ಒತ್ತಡದಲ್ಲಿ ತುಂಬಿಡುವವರಿಗೆ 2016ರ ಅನಿಲ ಸಿಲಿಂಡರ್ ನಿಯಮಗಳೂ ಒತ್ತಡದ ತೊಟ್ಟಿಗಳ ನಿಯಮಗಳೂ ಅನ್ವಯಿಸುತ್ತವೆ. ಇವುಗಳ ಅನುಮತಿ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಅಧಿಕಾರಕ್ಕೆ ಸೇರಿದೆ. ಉತ್ಪನ್ನವನ್ನು ಹಸಿರು ಜಲಜನಕವೆಂದು ಮಾರಬೇಕಾದರೆ ಕೇಂದ್ರ ಸರ್ಕಾರವು 2023ರ ಆಗಸ್ಟಿನಲ್ಲಿ ನಿಗದಿಪಡಿಸಿದಂತೆ, ಕಿಲೋಗ್ರಾಂ ಒಂದರ ತಯಾರಿಕೆಯಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡಿನ ಪ್ರಮಾಣ 2 ಕಿಲೋಗ್ರಾಂ ಮೀರಬಾರದು.

ದಿನವಿಡೀ ಒಂದೇ ಸಮನೆ ವಿದ್ಯುತ್ ಪಡೆದು, ಸ್ಥಳಾವಕಾಶವೂ ಇರುವ ಘಟಕಕ್ಕೆ ಜಿರ್ಕೋನಿಯಾ ಪೊರೆಯ ಕ್ಷಾರೀಯ ಯಂತ್ರ ಹೊಂದುತ್ತದೆ. ಸೌರ ವಿದ್ಯುತ್ತಿನ ಏರಿಳಿತ, ಇಕ್ಕಟ್ಟಾದ ಜಾಗ, ಒತ್ತಡದ ಅನಿಲದ ಅಗತ್ಯ ಇವು ಕೂಡಿದಲ್ಲಿ, ನೀರಿನ ಶುದ್ಧತೆಯನ್ನು ಕಾಪಾಡಬಲ್ಲೆವೆಂಬ ಭರವಸೆಯಿದ್ದರೆ ಪಿಇಎಂ ಯಂತ್ರ ಸೂಕ್ತ. ಎಇಎಂ ಯಂತ್ರವನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿ ನೋಡುವುದು ಲೇಸು. ತಮ್ಮ ಘಟಕದ ವಿದ್ಯುತ್ತು ಮತ್ತು ನೀರಿಗೆ ಯಾವ ಪೊರೆ ಹೊಂದುತ್ತದೆಂದು ಮೊದಲು ನಿಶ್ಚಯಿಸಿಕೊಂಡು, ಬೆಲೆಯ ಮಾತನ್ನು ಆ ಬಳಿಕ ಎತ್ತಿಕೊಂಡರೆ ಉದ್ದಿಮೆದಾರರಿಗೆ ಕ್ಷೇಮ.